ಪತ್ರಾಸ್ ಶೆಡ್ಡಿನ ಬೆಳಗಿನ ಚಳಿ: ಮನೆಯ ವರ್ಕ್‌ಶಾಪಿನ ದೋಷ ಪತ್ತೆ ಮತ್ತು ನಿವಾರಣೆ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ ಮನೆಯ ಹಿತ್ತಲಿನಲ್ಲಿ ಪತ್ರಾಸ್ (ತಗಡಿನ ಹಾಳೆ) ಹೊದಿಸಿ ಕಟ್ಟಿಕೊಂಡ ವರ್ಕ್‌ಶಾಪು ಎಂದೊಡನೆ ಬೇಸಿಗೆಯ ಸಂಕಟವೇ ನೆನಪಿಗೆ ಬರುತ್ತದೆ. ಅಲ್ಲಿ ಚಳಿಯಾಗುತ್ತದೆ ಎಂದು ಯಾರಾದರೂ ದೂರಿದರೆ ಕೇಳಿದವರು ನಂಬುವುದೂ ಕಷ್ಟ. ಆದರೂ ದೀಪಾವಳಿ ಕಳೆದಂದಿನಿಂದ ಶಿವರಾತ್ರಿಯವರೆಗೆ, ಅದರಲ್ಲೂ ಡಿಸೆಂಬರ್ ಮತ್ತು ಜನವರಿಯ ಬೆಳಗಿನ ಆರರಿಂದ ಒಂಬತ್ತರವರೆಗೆ, ಇಂಥ ಶೆಡ್ಡಿನಲ್ಲಿ ಉಳಿ ಹಿಡಿದೋ ಹೊಲಿಗೆ ಯಂತ್ರದ ಮುಂದೆಯೋ ಕೂತವರಿಗೆ ಬೆರಳು ಮರಗಟ್ಟುವುದು, ಅಂಟು ಹೊತ್ತಿಗೆ ಸರಿಯಾಗಿ ಹಿಡಿಯದಿರುವುದು, ತಗಡಿನಿಂದ ನೀರು ತೊಟ್ಟಿಕ್ಕುವುದು ಹೊಸದೇನಲ್ಲ. ಆ ತಿಂಗಳುಗಳಲ್ಲಿ ಈ ಮೂರೂ ಜಿಲ್ಲೆಗಳ ಹಗಲಿನ ಗರಿಷ್ಠ ತಾಪಮಾನ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ, ರಾತ್ರಿಯ ಕನಿಷ್ಠ ಸಾಮಾನ್ಯವಾಗಿ 15ರಿಂದ 18 ಡಿಗ್ರಿಯಷ್ಟಿರುತ್ತದೆ, ಚಳಿ ಬಿಗಿಯಾದ ದಿನಗಳಲ್ಲಿ ಅದಕ್ಕೂ ಕೆಳಗಿಳಿಯುತ್ತದೆ. ಅಂದರೆ ಮಧ್ಯಾಹ್ನ ಶೆಡ್ಡಿಗೆ ಬೇಕಾದಷ್ಟು ಬಿಸಿ ಪುಕ್ಕಟೆಯಾಗಿ ಸಿಗುತ್ತದೆ. ಮರುದಿನ ಬೆಳಗಾಗುವಷ್ಟರಲ್ಲಿ ಅದು ಎಲ್ಲಿಗೆ ಹೋಯಿತು ಎಂಬುದನ್ನು ಹುಡುಕುವುದೇ ಇಲ್ಲಿ ದೋಷ ಪತ್ತೆಯ ಕೆಲಸ. ಹೀಟರ್ ಕೊಳ್ಳುವ ಯೋಚನೆ ಆ ಹುಡುಕಾಟ ಮುಗಿದ ಮೇಲೆ ಬರಬೇಕು.

ಮುಂದೆ ಕೊಟ್ಟಿರುವ ಲೆಕ್ಕಗಳೆಲ್ಲ ಸುಮಾರು 10 ಅಡಿ ಅಗಲ, 15 ಅಡಿ ಉದ್ದ, 9 ಅಡಿ ಎತ್ತರದ, ಆರಿಂಚಿನ ಸಿಮೆಂಟ್ ಬ್ಲಾಕ್ ಗೋಡೆ ಮತ್ತು ಒಂದೇ ಪದರದ ತಗಡಿನ ಚಾವಣಿಯಿರುವ ಶೆಡ್ಡನ್ನು ಇಟ್ಟುಕೊಂಡು ಮಾಡಿದವು. ನಿಮ್ಮ ಶೆಡ್ಡು ದೊಡ್ಡದಿದ್ದರೆ ಅಂಕಿಗಳು ಅದೇ ಪ್ರಮಾಣದಲ್ಲಿ ಹೆಚ್ಚುತ್ತವೆ.

ಮೊದಲು ಅಳತೆ

ಮೈಗೆ ಚಳಿಯಾಗುವುದು ಗಾಳಿಯ ತಾಪಮಾನದಿಂದ ಮಾತ್ರವಲ್ಲದೆ ಸುತ್ತಲಿನ ಮೇಲ್ಮೈಗಳ ತಂಪಿನಿಂದ, ಬೀಸುವ ಗಾಳಿಯಿಂದ, ಮುಟ್ಟುವ ವಸ್ತುವಿನ ಗುಣದಿಂದಲೂ ಆಗುವುದರಿಂದ, ಅಂದಾಜಿನ ಮೇಲೆ ದುರಸ್ತಿಗೆ ಇಳಿದರೆ ಹಣ ತಪ್ಪು ಜಾಗಕ್ಕೆ ಹೋಗುತ್ತದೆ. ತೇವಾಂಶವನ್ನೂ ತೋರಿಸುವ ಸಣ್ಣ ಡಿಜಿಟಲ್ ಥರ್ಮಾಮೀಟರುಗಳು ಮೂರು ಇದ್ದರೆ ಸಾಕು. ಒಂದನ್ನು ಕೆಲಸದ ಮೇಜಿನ ಎತ್ತರದಲ್ಲಿ, ಇನ್ನೊಂದನ್ನು ತಗಡಿನಿಂದ ಒಂದು ಗೇಣು ಕೆಳಗೆ, ಮೂರನೆಯದನ್ನು ಹೊರಗೆ ನೆರಳಿರುವ ಕಡೆ, ಆಕಾಶ ನೇರವಾಗಿ ಕಾಣದಂತೆ ಸೂರಿನಡಿಯಲ್ಲಿ ತೂಗುಹಾಕಬೇಕು. ಮೂರನ್ನೂ ಮೊದಲು ಒಂದೇ ಜಾಗದಲ್ಲಿ ಒಂದು ಗಂಟೆ ಇಟ್ಟು, ಅವು ತೋರಿಸುವ ಅಂಕಿಗಳಲ್ಲಿ ವ್ಯತ್ಯಾಸವಿದ್ದರೆ ಅದನ್ನು ಬರೆದಿಟ್ಟುಕೊಳ್ಳುವುದು ಅಗತ್ಯ, ಏಕೆಂದರೆ ಅಗ್ಗದ ಥರ್ಮಾಮೀಟರುಗಳಲ್ಲಿ ಒಂದು ಡಿಗ್ರಿಯ ಹೆಚ್ಚುಕಡಿಮೆ ಸಾಮಾನ್ಯ.

ದೂರದಿಂದಲೇ ತಾಪಮಾನ ಅಳೆಯುವ ಗನ್ ಥರ್ಮಾಮೀಟರ್ ಇದ್ದರೆ ಕೆಲಸ ಇನ್ನೂ ಸುಲಭವಾಗುತ್ತದೆ. ಆದರೆ ಕೋವಿಡ್ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದಂಥವು ಮೈಯ ಜ್ವರವನ್ನಷ್ಟೇ ಅಳೆಯಬಲ್ಲವು. ಇಲ್ಲಿ ಬೇಕಾಗಿರುವುದು ಮೆಕ್ಯಾನಿಕ್‌ಗಳು ಬಳಸುವ ಬಗೆ. ಹೊಳೆಯುವ ಜಿಂಕ್ ತಗಡಿಗೆ ಅದನ್ನು ನೇರವಾಗಿ ಹಿಡಿದರೆ ತಗಡಿನಲ್ಲಿ ಪ್ರತಿಫಲಿಸುವ ನೆಲದ ಬಿಸಿಯೂ ಸೇರಿಕೊಂಡು ತಪ್ಪು ಅಂಕಿ ಬರುತ್ತದೆ. ಆದ್ದರಿಂದ ತಗಡಿನ ಒಳಮೈಗೆ ಕಪ್ಪು ಇನ್ಸುಲೇಶನ್ ಟೇಪಿನ ಒಂದು ತುಂಡು ಅಂಟಿಸಿ, ಸ್ವಲ್ಪ ಹೊತ್ತು ಬಿಟ್ಟು, ಆ ಟೇಪಿನ ಮೇಲೆ ಅಳೆಯಬೇಕು.

ಅಳತೆಯನ್ನು ಸಂಜೆ ಆರಕ್ಕೆ, ರಾತ್ರಿ ಹತ್ತಕ್ಕೆ ಮತ್ತು ಬೆಳಿಗ್ಗೆ ಸೂರ್ಯ ಮೂಡುವ ಮೊದಲು ತೆಗೆದುಕೊಳ್ಳಬೇಕು. ಅವತ್ತಿನ ಆಕಾಶ ನಿರ್ಮಲವಾಗಿತ್ತೋ ಮೋಡವಿತ್ತೋ ಎಂಬುದನ್ನೂ ಪಕ್ಕದಲ್ಲಿ ಗುರುತು ಹಾಕಬೇಕು. ಈ ಕೊನೆಯ ಗುರುತನ್ನು ಬಿಟ್ಟರೆ ಉಳಿದ ಅಂಕಿಗಳಿಂದ ಏನೂ ತಿಳಿಯುವುದಿಲ್ಲ.

ತಗಡೇ ದೋಷವೆಂದು ಗುರುತಿಸುವುದು

ನಸುಕಿನಲ್ಲಿ ತಗಡಿನ ಒಳಮೈ ಹೊರಗಿನ ಗಾಳಿಗಿಂತಲೂ ತಣ್ಣಗಿದ್ದರೆ ದೋಷ ಚಾವಣಿಯಲ್ಲಿದೆ ಎಂದು ನಿಶ್ಚಯಿಸಬಹುದು. ಹೊರಗಿನ ಗಾಳಿ 15 ಡಿಗ್ರಿ ಇರುವಾಗ ತಗಡು 12 ಡಿಗ್ರಿ ಇರುವುದು ಹೇಗೆ ಸಾಧ್ಯ ಎಂದು ಅನ್ನಿಸಬಹುದು. ನಿರ್ಮಲವಾದ, ಒಣ ಹವೆಯ ರಾತ್ರಿಯಲ್ಲಿ ಆಕಾಶಕ್ಕೆ ತೆರೆದುಕೊಂಡ ಪ್ರತಿಯೊಂದು ವಸ್ತುವೂ ತನ್ನ ಶಾಖವನ್ನು ವಿಕಿರಣದ ಮೂಲಕ ಮೇಲಕ್ಕೆ ಕಳೆದುಕೊಳ್ಳುತ್ತಿರುತ್ತದೆ, ಮತ್ತು ಮೇಲಿನಿಂದ ಅದಕ್ಕೆ ಮರಳಿ ಬರುವ ಶಾಖ ಕಡಿಮೆ. ಗೋಡೆ, ನೆಲದಂಥ ತೂಕದ ವಸ್ತುಗಳಲ್ಲಿ ಈ ನಷ್ಟ ಬೇಗ ಕಾಣುವುದಿಲ್ಲ. ತಗಡಿನ ದಪ್ಪವಾದರೋ ಅರ್ಧ ಮಿಲಿಮೀಟರ್ ಆಸುಪಾಸಿನದು, ಅದರಲ್ಲಿ ಕೂಡಿಟ್ಟ ಶಾಖವೇ ಇಲ್ಲದ್ದರಿಂದ ಹೊತ್ತು ಮುಳುಗಿದ ಸ್ವಲ್ಪ ಹೊತ್ತಿಗೇ ಅದು ಗಾಳಿಗಿಂತ ಕೆಳಗಿಳಿದು, ಆಮೇಲೆ ಶೆಡ್ಡಿನೊಳಗಿನ ಬೆಚ್ಚನೆಯ ಗಾಳಿಯಿಂದ ರಾತ್ರಿಯಿಡೀ ಶಾಖ ಎಳೆಯುತ್ತಲೇ ಇರುತ್ತದೆ. ಹಳೆಯ ಮಾಳಿಗೆ ಮನೆಗಳಲ್ಲಿ ತೊಲೆ ಜಂತಿಗಳ ಮೇಲೆ ಮೊಳದಷ್ಟು ದಪ್ಪ ಮಣ್ಣು ಹಾಕುತ್ತಿದ್ದುದರಿಂದ ಒಳಗೆ ಮಲಗಿದವರಿಗೆ ಈ ತೊಂದರೆ ತಟ್ಟುತ್ತಿರಲಿಲ್ಲ. ಅದೇ ಅಂಗಳದಲ್ಲಿ ಈಗ ತಗಡು ಬಂದಿದೆ.

ಈ ತೀರ್ಮಾನವನ್ನು ಖಚಿತಪಡಿಸಿಕೊಳ್ಳಲು ಖರ್ಚಿಲ್ಲದ ಒಂದು ಪರೀಕ್ಷೆಯಿದೆ. ಮೋಡವಿಲ್ಲದ ಸಂಜೆ ನೋಡಿ, ಚಾವಣಿಯ ಅರ್ಧ ಭಾಗದ ಮೇಲೆ ತಾಡಪತ್ರಿಯನ್ನು, ತಗಡಿಗೆ ಅಂಟಿಕೊಳ್ಳದಂತೆ ನಾಲ್ಕಾರು ಬಿದಿರಿನ ಗಳಗಳನ್ನು ಅಡ್ಡಲಾಗಿ ಇಟ್ಟು, ಅವುಗಳ ಮೇಲೆ ಬಿಗಿಯಾಗಿ ಕಟ್ಟಬೇಕು. ಮರುದಿನ ಸೂರ್ಯೋದಯಕ್ಕೆ ಮುಂಚೆ ಎರಡೂ ಅರ್ಧಗಳ ಅಡಿಯಲ್ಲಿ ತಗಡಿನ ತಾಪಮಾನವನ್ನು ಅಳೆಯಬೇಕು. ಮುಚ್ಚಿದ ಅರ್ಧ ಸ್ಪಷ್ಟವಾಗಿ ಬೆಚ್ಚಗಿದ್ದರೆ ಆಕಾಶಕ್ಕೆ ಹೋಗುವ ವಿಕಿರಣವೇ ಮುಖ್ಯ ಕಾರಣ. ಎರಡೂ ಒಂದೇ ಆಗಿದ್ದರೆ ಬೇರೆ ಕಡೆ ಹುಡುಕಬೇಕು. ಮೋಡ ಮುಸುಕಿದ ರಾತ್ರಿಯ ಮರುದಿನ ಶೆಡ್ಡು ತಾನಾಗಿಯೇ ಬೆಚ್ಚಗಿರುತ್ತಿದ್ದರೆ ಅದೂ ಇದೇ ಕಾರಣಕ್ಕೆ ಒಂದು ಸಾಕ್ಷಿ, ಏಕೆಂದರೆ ಮೋಡ ತಾನೇ ತಾಡಪತ್ರಿಯ ಕೆಲಸ ಮಾಡಿರುತ್ತದೆ. ತಗಡಿನ ಮೇಲೆ ಹತ್ತುವಾಗ ಕಾಲನ್ನು ಅಡಿಯಲ್ಲಿ ಪೈಪು ಇರುವ ಸಾಲಿನ ಮೇಲೆಯೇ ಇಡಬೇಕು. ಹಳೆಯ ಸಿಮೆಂಟ್ ಶೀಟಿನ ಮೇಲಂತೂ ಹತ್ತಲೇಬಾರದು, ಅದು ಮುರಿಯುತ್ತದೆ. ಜೊತೆಗೆ ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆಯಿದ್ದು, ಕೊರೆದರೆ ಕತ್ತರಿಸಿದರೆ ಏಳುವ ದೂಳು ಶ್ವಾಸಕೋಶಕ್ಕೆ ಕೆಡುಕು.

ಇಲ್ಲಿ ಬಣ್ಣದ ವಿಷಯವನ್ನೂ ಹೇಳಬೇಕು. ಹೊಳಪು ಮಾಸದ ಹೊಸ ಜಿಂಕ್ ತಗಡು ವಿಕಿರಣದಿಂದ ಶಾಖ ಬಿಡುವುದು ಕಡಿಮೆ. ತುಕ್ಕು ಹಿಡಿದ, ಮಾಸಿದ ಅಥವಾ ಯಾವುದೇ ಬಣ್ಣ ಬಳಿದ ತಗಡು ಬಹಳ ಹೆಚ್ಚು ಬಿಡುತ್ತದೆ. ಬೇಸಿಗೆಯ ಬಿಸಿಲು ತಡೆಯಲು ಬಳಿಯುವ ಬಿಳಿ ಬಣ್ಣವೂ ರಾತ್ರಿಯ ಮಟ್ಟಿಗೆ ಇದೇ ಸಾಲಿಗೆ ಸೇರುತ್ತದೆ. ಹಾಗೆಂದು ಬಿಳಿ ಬಣ್ಣ ಬಿಡಬೇಕೆಂದು ನಾನು ಹೇಳಲಾರೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ರಾಯಚೂರಿನಂಥ ಊರಿನಲ್ಲಿ ಎರಡು ತಿಂಗಳ ಬೆಳಗಿನ ಚಳಿಗಾಗಿ ಬೇಸಿಗೆಯ ರಕ್ಷಣೆಯನ್ನು ಕಳೆದುಕೊಳ್ಳುವುದು ಲಾಭದ ಮಾತಲ್ಲ. ಮೇಲೆ ಬಿಳಿ ಬಣ್ಣ, ಕೆಳಗೆ ಶಾಖನಿರೋಧಕ ಪದರ ಎಂಬ ಜೋಡಿ ಎರಡೂ ಕಾಲಕ್ಕೆ ಹೊಂದುತ್ತದೆ.

ಸಂದಿಗಳು

ಸಂಜೆ ಆರಕ್ಕೆ ಒಳಗೆ ಹೊರಗಿಗಿಂತ ಐದಾರು ಡಿಗ್ರಿ ಹೆಚ್ಚಿದ್ದು, ರಾತ್ರಿ ಹತ್ತಕ್ಕಾಗಲೇ ಎರಡೂ ಸಮವಾಗಿದ್ದರೆ, ಮತ್ತು ತಾಡಪತ್ರಿಯ ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣದಿದ್ದರೆ, ಗಾಳಿ ಸೋರಿಕೆಯನ್ನು ಶಂಕಿಸಬೇಕು. ಅಲೆಅಲೆಯಾದ ತಗಡು ಗೋಡೆಯ ಮೇಲೆ ಕೂರುವ ಜಾಗದಲ್ಲಿ ಪ್ರತಿ ಅಲೆಯ ಅಡಿಯಲ್ಲೂ ಒಂದು ಸಂದಿ ಉಳಿದಿರುತ್ತದೆ. ಎರಡು ಗೋಡೆಗಳ ಉದ್ದಕ್ಕೂ ಇರುವ ಈ ಸಂದಿಗಳನ್ನು ಕೂಡಿಸಿದರೆ ಒಂದು ಸಣ್ಣ ಕಿಟಕಿಯಷ್ಟಾಗುವುದುಂಟು. ಶಟರ್ ಬಾಗಿಲಿನ ಅಡಿ ಮತ್ತು ಅದು ಜಾರುವ ಎರಡು ಬದಿಯ ಹಳಿಗಳು ಇನ್ನೊಂದು ದಾರಿ. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಪೂರ್ವ ಮತ್ತು ಈಶಾನ್ಯದಿಂದ ಬೀಸುವುದರಿಂದ ಆ ದಿಕ್ಕಿಗೆ ಬಾಗಿಲಿರುವ ಶೆಡ್ಡು ಬೇಗ ತಣಿಯುತ್ತದೆ.

ಪತ್ತೆಗೆ ಊದುಬತ್ತಿ ಸಾಕು. ಗಾಳಿಯಿರುವ ಹೊತ್ತಿನಲ್ಲಿ ಬಾಗಿಲು ಹಾಕಿ, ಫ್ಯಾನ್ ನಿಲ್ಲಿಸಿ, ಊದುಬತ್ತಿಯನ್ನು ಸಂದಿಗಳ ಉದ್ದಕ್ಕೂ ನಿಧಾನವಾಗಿ ಹಿಡಿದುಕೊಂಡು ಹೋದರೆ ಹೊಗೆ ಅಡ್ಡ ಬಾಗುವ ಜಾಗಗಳು ಕಾಣುತ್ತವೆ. ಅಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು. ಥಿನ್ನರ್, ಪಾಲಿಶ್, ಪೆಟ್ರೋಲ್ ಇರುವ ಡಬ್ಬಿಗಳನ್ನು ಅದಕ್ಕೆ ಮೊದಲೇ ಹೊರಗಿಟ್ಟು ಒಳಗಿನ ವಾಸನೆ ಹೋಗುವವರೆಗೆ ಕಾಯಬೇಕು. ನಮ್ಮ ಅಳತೆಯ ಶೆಡ್ಡಿನೊಳಗಿನ ಗಾಳಿ ಸುಮಾರು 38 ಘನ ಮೀಟರ್. ಅದು ಗಂಟೆಗೆ ಒಂದು ಸಲ ಪೂರ್ತಿ ಬದಲಾದರೆ, ಒಳಗೂ ಹೊರಗೂ 8 ಡಿಗ್ರಿ ಅಂತರವಿದ್ದಾಗ, ಸುಮಾರು 100 ವ್ಯಾಟ್ ನಷ್ಟ. ನಾಲ್ಕು ಸಲ ಬದಲಾದರೆ 400 ವ್ಯಾಟ್.

ಗೋಡೆ ಮತ್ತು ತಗಡಿನ ನಡುವಿನ ಸಂದಿಗಳಿಗೆ ಸಿಮೆಂಟ್ ಗಾರೆ ತುಂಬುವುದು ಎಲ್ಲಕ್ಕಿಂತ ಬಾಳಿಕೆಯ ಉಪಾಯ. ಬೇಸಿಗೆಗೆ ಮೇಲ್ಗಾಳಿ ಬೇಕೆನ್ನುವವರು ಎದುರುಬದುರು ಗೋಡೆಗಳಲ್ಲಿ ಮುಚ್ಚಳವಿರುವ ಕಿಂಡಿಗಳನ್ನು ಬಿಟ್ಟು ಉಳಿದದ್ದನ್ನು ಮುಚ್ಚಬೇಕು. ಶಟರಿನ ಅಡಿಗೆ ಹಳೆಯ ಟ್ಯೂಬಿನ ರಬ್ಬರ್ ಪಟ್ಟಿಯನ್ನು ನಟ್ಟು ಬೋಲ್ಟಿನಿಂದ ಕೂರಿಸಬಹುದು. ಆದರೆ ಬಣ್ಣ ಬಳಿಯುವ, ವೆಲ್ಡಿಂಗ್ ಮಾಡುವ ಹೊತ್ತಿನಲ್ಲಿ ಶೆಡ್ಡು ಹೀಗೆ ಬಿಗಿಯಾಗಿರಬಾರದು. ಆಗ ಚಳಿಯಾದರೂ ಬಾಗಿಲು ತೆರೆದೇ ಕೆಲಸ ಮಾಡಬೇಕು.

ಹೀಟರ್ ಹಚ್ಚಿದರೂ ಬೆಚ್ಚಗಾಗದಿದ್ದರೆ

ಈ ದೂರನ್ನು ತರುವವರು ಸಾಮಾನ್ಯವಾಗಿ ಹೀಟರ್ ಕೆಟ್ಟಿದೆ ಎಂದೇ ತಿಳಿದಿರುತ್ತಾರೆ. ಹೀಟರ್ ಹಚ್ಚಿದ ಐದಾರು ನಿಮಿಷದಲ್ಲಿ ಸ್ವಲ್ಪ ಹಿತವೆನ್ನಿಸಿ, ಆಮೇಲೆ ಎಷ್ಟು ಹೊತ್ತಾದರೂ ಅದಕ್ಕಿಂತ ಮೇಲೆ ಏರುವುದಿಲ್ಲ ಎಂಬುದು ದೂರಿನ ಸಾಮಾನ್ಯ ರೂಪ. ಇದರಲ್ಲಿ ಹೀಟರಿನ ತಪ್ಪು ಇರಬೇಕೆಂದೇನಿಲ್ಲ. ಒಳಗಿನ ಗಾಳಿಯಷ್ಟನ್ನೇ ಬಿಸಿ ಮಾಡಲು ಬೇಕಾಗುವ ಶಾಖ ಬಹಳ ಕಡಿಮೆ. ಆದರೆ ಬಿಸಿಯಾದ ಗಾಳಿ ಮೇಲೇರಿ ತಗಡನ್ನು ತಾಗಿ ತಣಿದು ಇಳಿಯುತ್ತದೆ. ನಮ್ಮ ಶೆಡ್ಡಿನ ಸುಮಾರು 14 ಚದರ ಮೀಟರ್ ತಗಡಿನ ಮೂಲಕ, 8 ಡಿಗ್ರಿ ಅಂತರಕ್ಕೆ, 700ರಿಂದ 800 ವ್ಯಾಟ್ ಹೊರಹೋಗುತ್ತದೆ. 1000 ವ್ಯಾಟಿನ ಹೀಟರಿನ ಬಹುಪಾಲು ದುಡಿಮೆ ಹಾಗೆ ಚಾವಣಿಗೇ ಸಂದಾಯವಾಗುತ್ತದೆ. ತಗಡಿನ ಹತ್ತಿರದ ಥರ್ಮಾಮೀಟರ್ 27 ಡಿಗ್ರಿ, ಮೇಜಿನ ಮೇಲಿನದು 19 ಡಿಗ್ರಿ ತೋರಿಸುತ್ತಿದ್ದರೆ ಬಿಸಿಯೆಲ್ಲ ತಲೆಯ ಮೇಲೆ ನಿಂತಿದೆ ಎಂದರ್ಥ. ಸೀಲಿಂಗ್ ಫ್ಯಾನನ್ನು ಅತಿ ಕಡಿಮೆ ವೇಗದಲ್ಲಿ ಬಿಟ್ಟರೆ ಆ ಬಿಸಿ ಸ್ವಲ್ಪ ಕೆಳಗಿಳಿಯುತ್ತದೆ, ಆದರೆ ತಗಡು ಬೆತ್ತಲಾಗಿರುವವರೆಗೆ ಅದರ ಪ್ರಯೋಜನ ಅಷ್ಟಕ್ಕಷ್ಟೇ.

ಮೇಲೂ ಕೆಳಗೂ ಏನೂ ಏರುತ್ತಿಲ್ಲವಾದರೆ ವಿದ್ಯುತ್ತನ್ನು ಪರೀಕ್ಷಿಸಬೇಕು. ಹೀಟರ್ ಉರಿಯುತ್ತಿರುವಾಗಲೇ ಅದೇ ಬೋರ್ಡಿನ ಇನ್ನೊಂದು ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕ ವೋಲ್ಟ್ ಮೀಟರ್ ಹಾಕಿ ನೋಡಬೇಕು. 230 ವೋಲ್ಟಿಗೆ 2000 ವ್ಯಾಟ್ ಎಂದು ಬರೆದಿರುವ ಕಾಯಿಲ್ 190 ವೋಲ್ಟಿನಲ್ಲಿ ಕೊಡುವುದು ಸುಮಾರು 1365 ವ್ಯಾಟ್ ಮಾತ್ರ, ಏಕೆಂದರೆ ಕಾಯಿಲಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಇಳಿಯುತ್ತದೆ. ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಲೈನಿನ ಕೊನೆಯಲ್ಲಿರುವ ಮನೆಗಳಿಗೆ ಇಂಥ ಇಳಿಕೆ ಅಪರಿಚಿತವಲ್ಲ. ಮನೆಯೊಳಗೆ ವೋಲ್ಟೇಜ್ ಸರಿಯಿದ್ದು ಶೆಡ್ಡಿನಲ್ಲಿ ಮಾತ್ರ ಇಳಿದಿದ್ದರೆ ದೋಷ ನಡುವಿನ ವೈರಿನದು. 30 ಮೀಟರ್ ಉದ್ದದ, ಒಂದು ಚದರ ಮಿಲಿಮೀಟರಿನ ತಾಮ್ರದ ವೈರಿನಲ್ಲಿ 2000 ವ್ಯಾಟಿನ ಹೀಟರ್ ಹಚ್ಚಿದರೆ ಒಂಬತ್ತು ವೋಲ್ಟಿನಷ್ಟು ದಾರಿಯಲ್ಲೇ ಕಳೆದುಹೋಗಿ, ಸುಮಾರು 80 ವ್ಯಾಟ್ ವೈರನ್ನೇ ಬಿಸಿ ಮಾಡುತ್ತದೆ. ಅದನ್ನು ಸುರುಳಿ ಸುತ್ತಿಟ್ಟಿದ್ದರೆ ಹೊದಿಕೆ ಕರಗಿ ಬೆಂಕಿಯೂ ಹತ್ತಬಹುದು. 2.5 ಚದರ ಮಿಲಿಮೀಟರಿನ ವೈರು, 16 ಆಂಪಿಯರ್ ಸಾಕೆಟ್, ಸರಿಯಾದ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಶೆಡ್ಡಿನಲ್ಲಿ ಹೀಟರ್ ಬಳಸಬಾರದು. ಹತ್ತು ನಿಮಿಷದ ಮೇಲೆ ಹೀಟರ್ ಆರಿಸಿ ಪ್ಲಗ್ ಮುಟ್ಟಿದಾಗ ಅದು ಕೈ ಇಡಲಾಗದಷ್ಟು ಬಿಸಿಯಾಗಿದ್ದರೆ ಸಾಕೆಟ್ಟಿನ ಹಿಡಿತ ಸಡಿಲವಾಗಿದೆ. ಅದನ್ನು ಬದಲಾಯಿಸುವವರೆಗೆ ಮತ್ತೆ ಹಚ್ಚುವಂತಿಲ್ಲ.

ಹೀಟರಿನ ಬಗೆಯೂ ಕೆಲಸಕ್ಕೆ ಹೊಂದಬೇಕು. ಬಿಸಿಗಾಳಿ ಊದುವ ಹೀಟರ್ ಮರದ ದೂಳಿರುವ ಕಡೆ ಸಲ್ಲದು. ಅದು ದೂಳನ್ನು ಎಬ್ಬಿಸಿ ತನ್ನ ಕಾಯಿಲಿಗೇ ಎಳೆದುಕೊಳ್ಳುತ್ತದೆ. ಬಳ್ಳಾರಿಯಲ್ಲಿ ಮನೆಮನೆಗಳಲ್ಲಿ ಜೀನ್ಸ್ ಹೊಲಿಯುವವರ ಕೋಣೆಗಳಲ್ಲಿ ಹಾರುವ ಹತ್ತಿಯ ನವಿರು ಎಳೆಗಳಿಗೂ ಇದೇ ಮಾತು ಸಲ್ಲುತ್ತದೆ. ಎಣ್ಣೆ ತುಂಬಿದ ರೇಡಿಯೇಟರ್ ಬಗೆಯದು ನಿಧಾನ, ಆದರೆ ಅದರ ಮೇಲ್ಮೈ ಕೆಂಪಗೆ ಕಾಯುವುದಿಲ್ಲ. ಕೂತಲ್ಲೇ ಕೆಲಸ ಮಾಡುವವರಿಗೆ, ದೂಳಿಲ್ಲದ ಕಡೆ, ಗೋಡೆಗೆ ಎತ್ತರದಲ್ಲಿ ಕೂರಿಸಿದ ವಿಕಿರಣದ ಹೀಟರ್ ಒಳ್ಳೆಯದು; ಅದು ಗಾಳಿಯನ್ನು ಕಾಯಿಸುವ ಗೋಜಿಗೆ ಹೋಗದೆ ನೇರವಾಗಿ ಮೈಯನ್ನು ಕಾಯಿಸುತ್ತದೆ. ಥಿನ್ನರ್ ಆವಿ ಇರುವ ಹೊತ್ತಿನಲ್ಲಿ ಈ ಯಾವುದನ್ನೂ ಹಚ್ಚಬಾರದು.

ಇದ್ದಿಲಿನ ಶೆಗಡಿಯನ್ನು ಮುಚ್ಚಿದ ಶೆಡ್ಡಿನೊಳಗೆ ತರುವುದು ಪ್ರಾಣಕ್ಕೆ ಎರವು. ಹೊಗೆ ನಿಂತ ಕೆಂಡದಿಂದಲೂ ಇಂಗಾಲದ ಮಾನಾಕ್ಸೈಡ್ ಬರುತ್ತಲೇ ಇರುತ್ತದೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಲೆನೋವು, ವಾಕರಿಕೆ, ಮಂಪರು ಬಂದ ಮೇಲೆ ಎದ್ದು ಬಾಗಿಲು ತೆರೆಯುವ ತ್ರಾಣವೂ ಉಳಿಯದಿರಬಹುದು. ಸಂದಿಗಳನ್ನೆಲ್ಲ ಮುಚ್ಚಿದ ಮೇಲಂತೂ ಅಪಾಯ ಇನ್ನೂ ಹೆಚ್ಚು. ಅಡುಗೆ ಅನಿಲದ ಹೀಟರಿಗೂ ಇದೇ ತಕರಾರಿದೆ. ಜೊತೆಗೆ ಒಂದು ಕಿಲೋ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರು ಆವಿಯಾಗಿ ಒಳಗೇ ಸೇರಿ ತಗಡಿನಿಂದ ತೊಟ್ಟಿಕ್ಕುತ್ತದೆ, ಉಪಕರಣಗಳಿಗೆ ತುಕ್ಕು ತರುತ್ತದೆ.

ಕೈಕಾಲು ಮಾತ್ರ ತಣ್ಣಗಾದರೆ

ಮೇಜಿನ ಥರ್ಮಾಮೀಟರ್ 20 ಡಿಗ್ರಿಗಿಂತ ಮೇಲೆ ತೋರಿಸುತ್ತಿದ್ದರೂ ಪಾದ ಕೊರೆಯುತ್ತಿದ್ದರೆ ಕಟ್ಟಡದಲ್ಲಿ ಹುಡುಕುವಂಥದ್ದು ಏನೂ ಇಲ್ಲ. ಶಹಾಬಾದ್ ಪರಸಿ ಹಾಸಿದ ನೆಲ ಪಾದದ ಶಾಖವನ್ನು ವೇಗವಾಗಿ ಎಳೆದುಕೊಳ್ಳುತ್ತದೆ, ಅಷ್ಟೇ. ಚಳಿ ದೇಶಗಳ ಸಲಹೆ ಓದಿ ನೆಲಕ್ಕೆಲ್ಲ ಶಾಖನಿರೋಧಕ ಹಾಕುವುದು ನಮ್ಮಲ್ಲಿ ದುಡ್ಡು ದಂಡ. ಇಲ್ಲಿಯ ನೆಲ ವರ್ಷವಿಡೀ ಕುಡಿದ ಬಿಸಿಲಿನಿಂದಾಗಿ ಆಳದಲ್ಲಿ ಚಳಿಗಾಲದಲ್ಲೂ ಬೆಚ್ಚಗೇ ಇದ್ದು, ರಾತ್ರಿ ಶೆಡ್ಡಿಗೆ ಸ್ವಲ್ಪ ಶಾಖ ಕೊಡುತ್ತದೆ. ನಿಲ್ಲುವ ಜಾಗದಲ್ಲಿ ಮಾತ್ರ ಒಂದು ಮರದ ಹಲಗೆ, ಅದರ ಮೇಲೆ ಗೋಣಿತಟ್ಟು ಸಾಕು. ಕಬ್ಬಿಣದ ಉಪಕರಣಗಳ ಹಿಡಿಗೆ ಬಟ್ಟೆಯ ಪಟ್ಟಿ ಸುತ್ತಬಹುದು. ತಿರುಗುವ ಯಂತ್ರದ ಹತ್ತಿರ ಕೈಗವಸು, ಶಾಲು, ಮಫ್ಲರ್ ಯಾವುದೂ ಬೇಡ.

ಅಂಟು, ಬಣ್ಣ, ತುಕ್ಕು

ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದಂಥ ತುಂಗಭದ್ರಾ ಕಾಲುವೆಯ ಭತ್ತದ ಸೀಮೆಗೂ ಕುಷ್ಟಗಿ, ಲಿಂಗಸುಗೂರಿನ ಬೆದ್ದಲು ಭೂಮಿಗೂ ಇಲ್ಲಿ ವ್ಯತ್ಯಾಸ ಕಾಣುತ್ತದೆ. ನೀರಾವರಿಯ ಕಡೆ ಬೆಳಗಿನ ಗಾಳಿಯಲ್ಲಿ ತೇವ ಹೆಚ್ಚು. 20 ಡಿಗ್ರಿ ತಾಪಮಾನ ಮತ್ತು ಶೇಕಡಾ 70ರಷ್ಟು ತೇವಾಂಶವಿರುವ ಗಾಳಿ 14 ಡಿಗ್ರಿಗಿಂತ ತಣ್ಣಗಿರುವ ಮೇಲ್ಮೈಯನ್ನು ತಾಗಿದರೆ ಅಲ್ಲಿ ಇಬ್ಬನಿ ಕಟ್ಟುತ್ತದೆ. ನಸುಕಿನಲ್ಲಿ ತಗಡಿನಿಂದ ಬೀಳುವ ಹನಿ ಹೀಗೆ ಹುಟ್ಟಿದ್ದು. ಅದನ್ನು ಸೋರಿಕೆ ಎಂದು ತಿಳಿದು ಮೇಲೆ ಡಾಂಬರು ಬಳಿದವರುಂಟು. ಮಳೆಯಿಲ್ಲದ ಕಾಲದಲ್ಲಿ, ನಿರ್ಮಲವಾದ ರಾತ್ರಿಯ ಮರುದಿನ ಮಾತ್ರ, ಚಾವಣಿಯ ಎಲ್ಲ ಕಡೆಯಿಂದಲೂ ಸಮವಾಗಿ ಹನಿ ಬಿದ್ದರೆ ಅದು ಇಬ್ಬನಿಯೇ. ಎರಕದ ಕಬ್ಬಿಣದ ಮೇಜು ಮತ್ತು ವೈಸ್ ತೂಕದವಾದ್ದರಿಂದ ರಾತ್ರಿಯ ತಂಪನ್ನು ಬೆಳಿಗ್ಗೆ ತಡವಾಗಿಯೇ ಬಿಡುತ್ತವೆ. ಎಂಟು ಗಂಟೆಗೆ ಬಾಗಿಲು ತೆರೆದಾಗ ಒಳಬರುವ ಬೆಚ್ಚನೆಯ ತೇವದ ಗಾಳಿ ಅವುಗಳ ಮೇಲೆ ಕಣ್ಣಿಗೆ ಕಾಣದ ಪದರವಾಗಿ ಕೂತು ತುಕ್ಕು ಹಿಡಿಸುತ್ತದೆ. ರಾತ್ರಿ ಹೊರಡುವಾಗ ತೆಳುವಾಗಿ ಎಣ್ಣೆ ಸವರಿ ಹಳೆಯ ಕಂಬಳಿ ಹೊದಿಸುವುದು ಇದಕ್ಕೆ ಸಾಕಾದ ಪರಿಹಾರ.

ಮರಕ್ಕೆ ಹಚ್ಚುವ ಬಿಳಿ ಅಂಟು ತಣ್ಣಗಿದ್ದರೆ ನಿಧಾನವಾಗಿ ಹಿಡಿಯುತ್ತದೆ, ತೀರಾ ತಣ್ಣಗಾದರೆ ಒಣಗಿದ ಮೇಲೆ ಸುಣ್ಣದ ಪುಡಿಯಂತೆ ಉದುರುತ್ತದೆ. ನಮ್ಮ ಕಡೆಯ ಚಳಿಗೆ ಎರಡನೆಯದು ಆಗುವುದು ಅಪರೂಪ, ಆದ್ದರಿಂದ ಅಂಟು ಪುಡಿಯಾಗಿದ್ದರೆ ಮೊದಲು ಅಂಟಿನ ಹಳತನವನ್ನೂ ಬೆರೆಸಿದ ನೀರನ್ನೂ ಶಂಕಿಸಬೇಕು. ಎರಡು ಭಾಗ ಬೆರೆಸುವ ಎಪಾಕ್ಸಿ 10 ಡಿಗ್ರಿ ಇಳಿದಾಗ ಸುಮಾರು ಅರ್ಧ ವೇಗಕ್ಕೆ ಬರುತ್ತದೆ. ಸಂಜೆ ಕೂಡಿಸಿ ಬೆಳಿಗ್ಗೆ ಕ್ಲಾಂಪ್ ಬಿಚ್ಚುವ ರೂಢಿಯನ್ನು ಈ ಎರಡು ತಿಂಗಳು ಬಿಟ್ಟು, ಮಧ್ಯಾಹ್ನ ಹನ್ನೆರಡಕ್ಕೆ ಕೂಡಿಸುವುದು ಒಳಿತು. ಕೊಪ್ಪಳದ ಹತ್ತಿರದ ಕಿನ್ನಾಳದ ಗೊಂಬೆ ಕೆಲಸದಲ್ಲಿ ಬಳಸುವ ಹುಣಸೆ ಬೀಜದ ಅಂಟಿನಂಥವು ನೀರು ಆರಿದ ಮೇಲೆಯೇ ಗಟ್ಟಿಯಾಗುವುದರಿಂದ ಅವುಗಳಿಗೆ ಬಿಸಿಗಿಂತಲೂ ಒಣ ಗಾಳಿಯ ಸಂಚಾರ ಮುಖ್ಯ. ಲ್ಯಾಕರ್ ಅಥವಾ ಫ್ರೆಂಚ್ ಪಾಲಿಶ್ ಮೇಲೆ ಬಿಳಿ ಮಸುಕು ಬಂದರೆ ಅದು ತೇವದ ಗುರುತು. ಥಿನ್ನರ್ ಹಾರಿಹೋಗುವಾಗ ಮೇಲ್ಮೈ ಇನ್ನಷ್ಟು ತಣಿದು ಗಾಳಿಯ ತೇವವನ್ನು ಎಳೆದುಕೊಂಡಿರುತ್ತದೆ, ಆದ್ದರಿಂದ ಆ ಕೆಲಸಕ್ಕೆ ಹತ್ತೂವರೆಯವರೆಗೆ ಕಾಯಬೇಕು.

ದುರಸ್ತಿ

ತಗಡೇ ದೋಷವೆಂದು ತೀರ್ಮಾನವಾದ ಮೇಲೆ ಮಾಡಬೇಕಾದದ್ದು ಅದರ ಕೆಳಗೆ ಇನ್ನೊಂದು ಪದರ. 25 ಮಿಲಿಮೀಟರ್ ದಪ್ಪದ ಥರ್ಮಾಕೋಲ್ ಹಾಳೆ ಹಾಕಿದರೆ ಮೊದಲು 700ರಿಂದ 800 ವ್ಯಾಟ್ ಇದ್ದ ಚಾವಣಿಯ ನಷ್ಟ 150 ವ್ಯಾಟಿಗೂ ಕೆಳಗಿಳಿಯುತ್ತದೆ. ಬೆಲೆಯೂ ಕಡಿಮೆ. ಅದರ ದೊಡ್ಡ ದೋಷವೆಂದರೆ ಬೆಂಕಿ: ಬೇಗ ಹತ್ತಿಕೊಳ್ಳುತ್ತದೆ, ಉರಿಯುತ್ತ ಕರಗಿ ಕೆಳಗೆ ಸುರಿಯುತ್ತದೆ. ವೆಲ್ಡಿಂಗ್, ಗ್ರೈಂಡಿಂಗ್ ಇರುವ ಶೆಡ್ಡಿಗೆ ಕಲ್ಲು ಕರಗಿಸಿ ಮಾಡಿದ, ಬೆಂಕಿ ಹತ್ತದ ರಾಕ್‌ವೂಲ್ ಹಾಸುಗಳನ್ನೇ ಬಳಸಿ, ಕೆಳಗೆ ಜಿಪ್ಸಂ ಅಥವಾ ಸಿಮೆಂಟ್ ಬೋರ್ಡ್ ಮುಚ್ಚಬೇಕು. ಮರಗೆಲಸದ ಶೆಡ್ಡಿಗೆ ಥರ್ಮಾಕೋಲ್ ಹಾಕುವುದಾದರೂ ಅದು ಕಾಣದಂತೆ ಬೋರ್ಡು ಇರಲೇಬೇಕು. ಭತ್ತದ ಹೊಟ್ಟು ತುಂಬಿದ ಚೀಲಗಳನ್ನು ಅಟ್ಟಕ್ಕೆ ಹರಡುವ ಯೋಚನೆ ಗಂಗಾವತಿ ಕಡೆ ಬರುವುದು ಸಹಜ, ಶಾಖವನ್ನು ಅದು ತಡೆಯುತ್ತದೆ ಕೂಡ, ಆದರೆ ಇಲಿ ಮತ್ತು ಕಿಡಿ ಎರಡರ ಲೆಕ್ಕವನ್ನೂ ಹಾಕಿದರೆ ಅದನ್ನು ಒಪ್ಪುವಂತಿಲ್ಲ.

ತಗಡಿಗೂ ಈ ಪದರಕ್ಕೂ ನಡುವೆ ಮೂರು ನಾಲ್ಕು ಇಂಚು ಜಾಗ ಬಿಟ್ಟು, ಆ ಜಾಗದ ಎರಡೂ ತುದಿ ಹೊರಗಾಳಿಗೆ ತೆರೆದಿರುವಂತೆ, ಕೀಟ ಬಾರದಂತೆ ಜಾಲರಿ ಹಾಕಿ ಬಿಡಬೇಕು. ಬೇಸಿಗೆಯಲ್ಲಿ ಕಾದ ಗಾಳಿ ಆ ದಾರಿಯಲ್ಲಿ ಹೊರಟುಹೋಗುತ್ತದೆ, ಚಳಿಗಾಲದಲ್ಲಿ ತಗಡಿನ ಅಡಿ ಕಟ್ಟಿದ ಇಬ್ಬನಿ ಅಲ್ಲೇ ಒಣಗುತ್ತದೆ. ಪದರವನ್ನು ತಗಡಿಗೇ ಒತ್ತಿ ಅಂಟಿಸಿದರೆ ನಡುವೆ ಸಿಕ್ಕ ತೇವ ಹೊರಬರಲಾರದೆ ತಗಡನ್ನು ಒಳಗಿನಿಂದ ತಿನ್ನುತ್ತದೆ. ಖರ್ಚು ಇನ್ನೂ ಕಡಿಮೆ ಬೇಕೆಂದರೆ ಎರಡೂ ಬದಿ ಹೊಳೆಯುವ ಫಾಯಿಲ್ ಬಬಲ್ ಹಾಳೆಯನ್ನು ಇದೇ ರೀತಿ ಜಾಗ ಬಿಟ್ಟು ಕಟ್ಟಬಹುದು. ಮೇಲ್ಮುಖದ ಹೊಳಪಿಗೆ ದೂಳು ಕೂತು ಅದರ ಗುಣ ಕಳೆದುಹೋದರೂ ಕೆಳಮುಖ ತನ್ನ ಕೆಲಸ ಮಾಡುತ್ತದೆ. ಬಾಡಿಗೆ ಜಾಗದಲ್ಲಿರುವವರು ಪರೀಕ್ಷೆಗೆ ಕಟ್ಟಿದ ತಾಡಪತ್ರಿಯನ್ನೇ ಪೂರ್ತಿ ಚಾವಣಿಗೆ ವಿಸ್ತರಿಸಿ ಎರಡು ತಿಂಗಳು ಬಿಟ್ಟರೂ ಅರ್ಧ ದಾರಿ ಕ್ರಮಿಸಿದಂತೆಯೇ.

ಹಗಲಿನ ಬಿಸಿಯನ್ನು ಹಿಡಿದಿಡುವುದು

ಚಾವಣಿ ಮತ್ತು ಸಂದಿಗಳು ಸರಿಯಾದ ಮೇಲೆ ಗೋಡೆಗಳು ತಾವಾಗಿಯೇ ಕೆಲಸಕ್ಕೆ ಬರುತ್ತವೆ. ಈ ಶೆಡ್ಡಿನ ಬ್ಲಾಕ್ ಗೋಡೆಗಳ ಒಟ್ಟು ತೂಕ ಹತ್ತು ಟನ್ ಆಸುಪಾಸು; ಅವು ಒಂದೇ ಡಿಗ್ರಿ ತಣಿದರೂ ಎರಡೂವರೆ ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖ ಬಿಡುತ್ತವೆ, ಅದರ ಒಂದು ಪಾಲು ಒಳಗೆ ಬರುತ್ತದೆ. ಆದ್ದರಿಂದ ಬೆಳಿಗ್ಗೆ ಹನ್ನೊಂದರಿಂದ ಸಂಜೆ ನಾಲ್ಕರವರೆಗೆ ಬಾಗಿಲು, ಕಿಟಕಿ, ಮೇಲ್ಗಿಂಡಿ ಎಲ್ಲವನ್ನೂ ತೆರೆದು ಹೊರಗಿನ 29, 30 ಡಿಗ್ರಿಯ ಗಾಳಿ ಗೋಡೆಗಳನ್ನು ತಾಗುವಂತೆ ಮಾಡಿ, ನಾಲ್ಕೂವರೆಗೆ ಎಲ್ಲವನ್ನೂ ಮುಚ್ಚಬೇಕು. ಹೊರಗೆ ತಣ್ಣಗಾಗುತ್ತಿದೆ ಎಂದು ಅನ್ನಿಸಿದ ಮೇಲೆ ಮುಚ್ಚಿದರೆ ಹೊತ್ತು ಮೀರಿರುತ್ತದೆ. ನೀರು ತುಂಬಿದ ಕಪ್ಪು ಡ್ರಮ್ಮುಗಳನ್ನು ಇಡುವ ಉಪಾಯವನ್ನು ಹಲವರು ಹೇಳುತ್ತಾರೆ. 200 ಲೀಟರ್ ನೀರು 28ರಿಂದ 20 ಡಿಗ್ರಿಗೆ ಇಳಿಯುವಾಗ ಕೊಡುವುದು ಸುಮಾರು 1.9 ಯೂನಿಟ್ ಮಾತ್ರ, ಬ್ಲಾಕ್ ಗೋಡೆಯಿರುವಲ್ಲಿ ಅದು ಲೆಕ್ಕಕ್ಕಿಲ್ಲ. ಗೋಡೆಯೂ ತಗಡಿನದೇ ಆಗಿರುವ ಶೆಡ್ಡಿಗೆ ಮಾತ್ರ ಡ್ರಮ್ಮಿನ ಸಹಾಯ ಗೊತ್ತಾಗುತ್ತದೆ. ಅದಕ್ಕೆ ಬಿಗಿಯಾದ ಮುಚ್ಚಳ ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ, ತೇವವೂ ಹೆಚ್ಚುತ್ತದೆ.

ಹೊಸದಾಗಿ ಕಿಟಕಿ ತೆರೆಯುವುದಾದರೆ ದಕ್ಷಿಣದ ಗೋಡೆಯನ್ನು ಆರಿಸಬೇಕು. 15, 16 ಡಿಗ್ರಿ ಅಕ್ಷಾಂಶದ ನಮ್ಮ ಊರುಗಳಲ್ಲಿ ಡಿಸೆಂಬರಿನ ನಡುಹಗಲ ಸೂರ್ಯ ದಕ್ಷಿಣಕ್ಕೆ ಸುಮಾರು 51 ಡಿಗ್ರಿ ಎತ್ತರದಲ್ಲಿರುತ್ತಾನೆ, ಆದ್ದರಿಂದ ಗಾಜಿನ ಮೂಲಕ ಬಿಸಿಲು ಒಳಗಿನ ನೆಲಕ್ಕೆ ಬೀಳುತ್ತದೆ. ಮೇ ಮೊದಲ ವಾರದಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುವುದರಿಂದ ಅದೇ ಕಿಟಕಿಗೆ ಆಗ ನೇರ ಬಿಸಿಲು ತಾಗುವುದಿಲ್ಲ. ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿಗೆ ಒಂದೂವರೆ ಅಡಿಯ ಸಜ್ಜಾ ಸಾಕು. ಪಶ್ಚಿಮಕ್ಕೆ ಮಾತ್ರ ಕಿಟಕಿ ಬೇಡ.

ದುರಸ್ತಿಯ ನಂತರ ಮತ್ತೊಂದು ನಿರ್ಮಲ ರಾತ್ರಿಯಲ್ಲಿ ಮೊದಲಿನ ಮೂರು ಜಾಗಗಳಲ್ಲೇ ಅಳತೆ ತೆಗೆಯಬೇಕು. ನಸುಕಿನಲ್ಲಿ ಮೇಜಿನ ಹತ್ತಿರದ ತಾಪಮಾನ ಹೊರಗಿಗಿಂತ ನಾಲ್ಕು ಡಿಗ್ರಿಯಾದರೂ ಹೆಚ್ಚಿದ್ದರೆ ಹೀಟರಿನ ಅಗತ್ಯ ಬಹುಮಟ್ಟಿಗೆ ತೀರಿದಂತೆ. ಅಂತರ ಎರಡು ಡಿಗ್ರಿಗಿಂತ ಕಡಿಮೆಯಿದ್ದರೆ ಊದುಬತ್ತಿಯ ಪರೀಕ್ಷೆಯನ್ನು ಮತ್ತೆ ಮಾಡಿ, ಅದರಲ್ಲೂ ಹೊಸ ಪದರ ಗೋಡೆಯನ್ನು ಸೇರುವ ಅಂಚುಗಳಲ್ಲಿ ಹುಡುಕಬೇಕು. ಅಲ್ಲಿ ಬಿಟ್ಟ ಅರ್ಧ ಇಂಚಿನ ಸಂದಿಯಿಂದ ಬೆಚ್ಚನೆಯ ಗಾಳಿ ಮೇಲಿನ ಖಾಲಿ ಜಾಗಕ್ಕೆ ಏರಿ ಅಲ್ಲಿಂದ ಹೊರಗೆ ಹೋಗುತ್ತಿರುತ್ತದೆ. ಅದನ್ನೂ ಮುಚ್ಚಿದ ಮೇಲೆ ಉಳಿಯುವ ಚಳಿಗೆ 1000 ವ್ಯಾಟಿನ ಹೀಟರ್ ಒಂದು ಗಂಟೆ ಉರಿದರೆ ಸಾಕು.